ಬಿಟ್ರೆ ಬಿಡುತ್ತಾ?

ಹೋದ ಸಲ ನಮ್ಮ ಮಾವನವರು ಹಲಸಿನ ಹಪ್ಪಳದ ಗಂಟಿನ ಜೊತೆ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಕತೆ ಬರೆದಿದ್ದೆ. ಹಪ್ಪಳ ಮುಗಿದಿದೆ. ಮಾವ ಇನ್ನೂ ಇದ್ದಾರೆ. ಈ ಸಲ ಅವರ ವಿಷಯವೇ, ಆದರೆ ಅಲ್ಲಿಗೆ ಹೋಗೋಕೆ ನಮ್ಮ ಪಿಕಪ್ ಟ್ರಕ್ಕಿನ ಹಿಂದಿನ ಆಕ್ಸಲ್ ದಾಟಿಕೊಂಡು ಹೋಗಬೇಕು. ಗಾಡಿಯ ವಿಷಯ ಅಂದರೆ ಪುಟ ತಿರುಗಿಸೋ ಅಕ್ಕಂದಿರು ದಯವಿಟ್ಟು ಸ್ವಲ್ಪ ತಡೀರಿ. ನಾನೂ ನಿಮ್ಮ ಹಾಗೇ ಇದ್ದವಳು.

ನಮ್ಮದು 2003ರ ಟೊಯೋಟಾ ಟಕೋಮಾ. ಕೊಲರಾಡೊದಲ್ಲಿ ಬೀದಿಗೆ ಎರಡಾದರೂ ಇಂಥ ಗಾಡಿ ಕಾಣುತ್ತವೆ. ಮಣ್ಣುದಾರಿ, ಬೆಟ್ಟದ ದಾರಿ ಅಂತ ಓಡಾಡೋರಿಗೆ ಇದು ಸಾಕಿದ ಎತ್ತಿನ ಹಾಗೆ. ನಮ್ಮ ಗಾಡಿಯಲ್ಲಿ ಡಿಫ್‌ಲಾಕ್ ಅಂತ ಒಂದು ಸ್ವಿಚ್ಚಿದೆ. ಅದನ್ನು ಒತ್ತಿದರೆ ಹಿಂದಿನ ಆಕ್ಸಲ್ ಮೇಲೆ ಕೂತಿರೋ ಪುಟ್ಟ ಮೋಟಾರು ತಿರುಗಿ, ಎರಡೂ ಹಿಂಬದಿ ಚಕ್ರಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ.

ಬಿಗಿಯೋದು ಯಾಕೆ? ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡೋದೇ ಡಿಫರೆನ್ಷಿಯಲ್. ಆದರೆ ಒಂದು ಚಕ್ರ ಕೆಸರಲ್ಲೋ ಮಂಜಲ್ಲೋ ಜಾರಿದರೆ ಅದೇ ಉಪಕಾರ ಅಪಕಾರ ಆಗುತ್ತದೆ. ಜಾರೋ ಚಕ್ರ ಗಿರ್ರನೆ ಸುತ್ತುತ್ತಾ ಇರುತ್ತದೆ, ಗಟ್ಟಿ ನೆಲದ ಮೇಲಿರೋದು ಸುಮ್ಮನೆ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೇ ತಿರುಗಲೇಬೇಕು. ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸೋರಿಗೆ ಇದನ್ನು ಹೇಳಬೇಕಾಗಿಲ್ಲ.

ಟೊಯೋಟಾದವರು ಈ ಸ್ವಿಚ್ಚಿಗೆ ಒಂದು ಕಟ್ಟುಪಾಡು ಇಟ್ಟಿದ್ದಾರೆ. ಗಾಡಿ 4ಎಲ್‌ನಲ್ಲಿದ್ದರೆ ಮಾತ್ರ ಲಾಕ್ ಬೀಳುತ್ತದೆ. 4ಎಲ್ ಅಂದರೆ ನಾಲ್ಕೂ ಚಕ್ರ ಎಳೆಯೋ, ಆಮೆ ನಡಿಗೆಯ ಗೇರು. ಲಾಕ್ ಹಾಕಿಕೊಂಡು ಗಂಟೆಗೆ 8 ಕಿಲೋಮೀಟರಿಗಿಂತ ಜೋರಾಗಿ ಹೋಗಬೇಡಿ ಅಂತ ಗಾಡಿಯ ಪುಸ್ತಕದಲ್ಲೂ ಬರೆದಿದೆ. ಪುಸ್ತಕ ಗ್ಲವ್‌ಬಾಕ್ಸಿನಲ್ಲೇ ಇತ್ತು. ಟೈರಿನ ಗಾಳಿ ಎಷ್ಟು ಅಂತ ನೋಡೋಕೆ ಬಿಟ್ಟರೆ ಯಾರೂ ತೆಗೆದಿರಲಿಲ್ಲ.

ಜುಲೈನಲ್ಲಿ ದಕ್ಷಿಣ ಕೊಲರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ಮರಳು ದಿಬ್ಬಗಳಿರೋದು ಅಲ್ಲಿ. ದಿಬ್ಬದ ಪಕ್ಕದಲ್ಲೇ ಮೆಡನೊ ಕಣಿವೆಗೆ ಹತ್ತೋ ಮಣ್ಣುದಾರಿ ಇದೆ. ಮಣ್ಣು ಅನ್ನೋದು ಹೆಸರಿಗೆ, ಸುಮಾರು ದೂರ ಬರೀ ಮರಳು. ಮರಳಲ್ಲಿ ನಿಧಾನಕ್ಕೆ ಹೋದರೆ ಹೂತುಕೊಳ್ಳುತ್ತದೆ, ಓಘ ಬೇಕು. ಓಘಕ್ಕೆ 4ಎಚ್ ಬೇಕು. 4ಎಚ್‌ನಲ್ಲಿ ಲಾಕ್ ಬೀಳೋದಿಲ್ಲ. ಹೂತುಕೊಂಡೆವು. ನಲವತ್ತು ನಿಮಿಷ ಸಲಿಕೆಯಲ್ಲಿ ತೋಡಿದ್ದಾಯ್ತು. ನಮ್ಮ ಯಜಮಾನರ ಮುಖ ಆವತ್ತೇ ಒಂದು ಥರಾ ಆಗಿತ್ತು.

ಇದಕ್ಕೊಂದು ಮದ್ದಿದೆ, ಹಳೇ ಟೊಯೋಟಾ ಇಟ್ಟುಕೊಂಡವರಿಗೆಲ್ಲ ಗೊತ್ತಿರೋದೇ. ಡ್ಯಾಶ್‌ಬೋರ್ಡಿನ ಒಳಗಿನ ಕಂಟ್ರೋಲ್ ಪೆಟ್ಟಿಗೆಗೆ ‘ಗಾಡಿ 4ಎಲ್‌ನಲ್ಲಿದೆ’ ಅಂತ ಸುದ್ದಿ ಮುಟ್ಟಿಸೋ ಒಂದು ಬೂದು ಬಣ್ಣದ ತಂತಿ ಇರುತ್ತದೆ. ಅದನ್ನು ಕತ್ತರಿಸಿ, ಪೆಟ್ಟಿಗೆ ಕಡೆಯ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಅರ್ತ್ ಮಾಡಿದರೆ, ಪೆಟ್ಟಿಗೆ ಪಾಪ ನಂಬಿಬಿಡುತ್ತದೆ, ಗಾಡಿ ಯಾವಾಗಲೂ 4ಎಲ್‌ನಲ್ಲೇ ಇದೆ ಅಂತ. ಆಮೇಲೆ ಯಾವ ಗೇರಿನಲ್ಲಿದ್ದರೂ ಸ್ವಿಚ್ ಕೇಳಿದ ಮಾತು ನಡೆಸುತ್ತದೆ. ಖರ್ಚು ಒಂದು ಬೋಲ್ಟು, ಒಂದು ಗೇಣು ತಂತಿ. (ಓದಿದವರು ಯಾರೂ ಕತ್ತರಿ ಹಿಡಿದು ಎದ್ದುಬಿಡಬೇಡಿ. ಮಾಡೆಲ್ಲಿನಿಂದ ಮಾಡೆಲ್ಲಿಗೆ ತಂತಿಯ ಬಣ್ಣ ಬೇರೆ ಇರುತ್ತದೆ.)

ಸೆಪ್ಟೆಂಬರಿನ ಒಂದು ಶನಿವಾರ ಅಪ್ಪ ಮಗ ಗ್ಯಾರೇಜಿನಲ್ಲಿ ಕೂತು ಈ ಕೆಲಸ ಮುಗಿಸಿದರು. ಮಾವ ಉಲ್ಲನ್ ಟೋಪಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡ್ತಿದ್ದರು. ಸಕಲೇಶಪುರದ ಹತ್ತಿರ ನಲವತ್ತು ವರ್ಷ ಗದ್ದೆ ಮಾಡಿದವರು. ಎಲ್ಲ ಮುಗಿದ ಮೇಲೆ ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ ಮಗನನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

“ಅಲ್ಲ ಕಣೋ, ಇದು ಬಿಟ್ರೆ ಬಿಡುತ್ತಾ?”

“ಬಿಡೋದೇನಪ್ಪ, ಸ್ವಿಚ್ಚು. ಆಫ್ ಮಾಡಿದ್ರಾಯ್ತು.”

ಮಾವ ‘ಹೂಂ’ ಅಂದರು. ಆ ಹೂಂ ನಾನು ಕೇಳಿಸಿಕೊಂಡೆ, ಇವರು ಕೇಳಿಸಿಕೊಳ್ಳಲಿಲ್ಲ.

ಅಕ್ಟೋಬರ್ ಕೊನೆಗೆ ಮೊದಲ ಮಂಜು ಬಿತ್ತು. ನಮ್ಮ ಮನೆ ರಸ್ತೆಗಿಂತ ತಗ್ಗಿನಲ್ಲಿದೆ, ಗಾಡಿ ಮೇಲಕ್ಕೆ ಹತ್ತಬೇಕು. ಪಿಕಪ್ಪಿನ ಹಿಂಭಾಗ ಖಾಲಿ ಇದ್ದರೆ ಹಿಂದಿನ ಚಕ್ರಕ್ಕೆ ಭಾರ ಇಲ್ಲ, ಸುಮ್ಮನೆ ಸುತ್ತುತ್ತದೆ. ಮುಂಚೆ ಆಗಿದ್ದರೆ 4ಎಚ್ ಹಾಕಿಕೊಂಡು ಹತ್ತುತ್ತಿದ್ದೆ. ಈಗ ಮನೆಯಲ್ಲೇ ಹೊಸ ಸೌಕರ್ಯ ಬಂದಿದೆಯಲ್ಲ! ಲಿವರ್ ಮುಟ್ಟೋದೇ ಬೇಡ, ಸ್ವಿಚ್ ಒತ್ತಿದರೆ ಸರಾಗ ಹತ್ತುತ್ತೆ. ಆ ವಾರ ನಾಲ್ಕು ಸಲ ಹಾಗೇ ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡ್ತೀನಿ: ತಂತಿ ಕತ್ತರಿಸಿದವರು ಅವರು, ರೂಢಿ ಮಾಡಿಕೊಂಡವಳು ನಾನು.

ಐದನೇ ದಿನ ಬೆಳಿಗ್ಗೆ ಎಂಟು ವರ್ಷದ ಮಗಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ರಾತ್ರಿಯ ಮಂಜು ಗಟ್ಟಿಯಾಗಿ ಗಾಜಿನ ಹಾಗೆ ಆಗಿತ್ತು. ಶಾಲೆಗಳೆಲ್ಲ ಎರಡು ಗಂಟೆ ತಡವಾಗಿ ಅಂತ ಮೆಸೇಜ್ ಬಂದಿತ್ತು. ಲಾಕ್ ಹಾಕಿದೆ, ಹತ್ತಿದೆ, ಬಲಕ್ಕೆ ತಿರುಗಿದೆ, ಸ್ವಿಚ್ ಆಫ್ ಮಾಡಿದೆ. ಡ್ಯಾಶ್ ಮೇಲಿನ ದೀಪ ಮಿನುಗುತ್ತಿತ್ತು. ಆರ್ತಾ ಇದೆ ಅಂದುಕೊಂಡೆ.

ಅದು ಆರ್ತಾ ಇರಲಿಲ್ಲ. ಮಿನುಗೋದು ಅಂದರೆ ‘ನೀನು ಹೇಳಿದ್ದು ಕೇಳಿಸಿದೆ, ಇನ್ನೂ ಬಿಡೋಕೆ ಆಗಿಲ್ಲ’ ಅಂತ. ಆಕ್ಸಲ್ಲಿನಲ್ಲಿ ತಿರುಚಿನ ಬಿಗಿ ಇದ್ದಾಗ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಮೋಟಾರು ಎಳೆದರೂ ಬರೋದಿಲ್ಲ. ಸ್ಟೀರಿಂಗನ್ನು ಮೆಲ್ಲಗೆ ಆಚೀಚೆ ಆಡಿಸಿದರೆ, ಇಲ್ಲ ಒಂದು ಮಾರು ಹಿಂದಕ್ಕೆ ಹೋದರೆ ಬಿಗಿ ಸಡಿಲಿ ಕಳಚಿಕೊಳ್ಳುತ್ತದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ನಾಲ್ಕು ಮನೆ ದಾಟಿದರೆ ಇಳಿಜಾರಿನಲ್ಲಿ ಎಡಕ್ಕೆ ಒಂದು ತಿರುವು. ಗಂಟೆಗೆ 15 ಮೈಲಿಯೂ ಇರಲಿಲ್ಲ ವೇಗ. ಸ್ಟೀರಿಂಗ್ ತಿರುಗಿಸಿದೆ, ಮೂತಿ ತಿರುಗಲಿಲ್ಲ. ಎರಡೂ ಹಿಂಚಕ್ರ ಒಂದೇ ವೇಗದಲ್ಲಿ ನೇರಕ್ಕೆ ನೂಕುತ್ತಿವೆ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಪಾದದ ಕೆಳಗೆ ಎಬಿಎಸ್‌ನ ಆ ಪರಿಚಯದ ಗರಗರ ಬರಲಿಲ್ಲ. ನಮ್ಮ ಗಾಡಿಯಲ್ಲಿ ಲಾಕ್ ಬಿದ್ದಿದ್ದರೆ ಎಬಿಎಸ್ ಕೆಲಸ ಮಾಡೋದಿಲ್ಲ. ಲಾಕ್ ಇಲ್ಲದಿದ್ದರೆ ಒಂದು ಹಿಂಚಕ್ರ ಜಾರಿದರೂ ಇನ್ನೊಂದು ನೆಲ ಹಿಡಿದು ಬಾಲವನ್ನು ಅಷ್ಟಿಷ್ಟು ನೆಟ್ಟಗೆ ಇಡುತ್ತಿತ್ತು. ಈಗ ಎರಡೂ ಒಟ್ಟಿಗೇ ಬಿಟ್ಟವು. ಗಾಡಿ ಅಡ್ಡಡ್ಡ ಜಾರಿಕೊಂಡು ಹೋಗಿ ಪಕ್ಕದ ಮನೆಯವರ ಅಂಚೆಪೆಟ್ಟಿಗೆಯ ಕಂಬ ಮುರಿದು ಮಂಜಿನ ಗುಡ್ಡೆಗೆ ಒರಗಿ ನಿಂತಿತು.

ಮಗಳಿಗೇನೂ ಆಗಲಿಲ್ಲ, ನನಗೂ ಇಲ್ಲ. ಕಂಬ ಮುರಿಯೋ ಸದ್ದು ಕಡ್ಡಿ ಮುರಿದಷ್ಟೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಮಗಳು ಕೇಳಿದಳು, “ಅಮ್ಮ, ಇವತ್ತು ಸ್ಕೂಲ್ ಬಸ್ಸು ಲೇಟು ಅಲ್ವಾ?”

ನಾನು ಸ್ಟೀರಿಂಗ್ ಬಿಟ್ಟಿರಲಿಲ್ಲ ಇನ್ನೂ. ಆ ಕಂಬದ ಪಕ್ಕದಲ್ಲೇ ದಿನಾ ಬೆಳಿಗ್ಗೆ ಆ ಮನೆಯ ಇಬ್ಬರು ಮಕ್ಕಳು ಬಸ್ಸಿಗೆ ಕಾಯೋದು. ನನ್ನ ಮಗಳೂ ಅಲ್ಲೇ ನಿಲ್ಲೋದು.

ಆವತ್ತು ರಾತ್ರಿ ಮನೆಯಲ್ಲಿ ನಡೆದಿದ್ದನ್ನು ಪೂರ್ತಿ ಬರೆಯೋ ಹಾಗಿಲ್ಲ. “ದೀಪ ಮಿನುಗ್ತಿದ್ರೆ ಲಾಕ್ ಬಿಟ್ಟಿಲ್ಲ ಅಂತ ಹೇಳಿದ್ದೆ ಕಣೇ” ಅಂತ ಇವರು. “ನೀವು ಹೇಳಿದ್ದು ಅಂಗಡಿಗೆ ಫೋನ್ ಮಾಡ್ತಾ, ನನ್ನ ಮುಖ ನೋಡಿಕೊಂಡಲ್ಲ” ಅಂತ ನಾನು. “ಮೊದಲಿದ್ದ ಹಾಗೆ ಜೋಡಿಸ್ತೀರೋ ಇಲ್ವೋ, ಅಷ್ಟು ಹೇಳಿ” ಅಂದೆ. ಇವರಿಗೆ ಮೆಡನೊದ ಮರಳು ಇನ್ನೂ ಉಗುರಿನಲ್ಲಿತ್ತು. ತಪ್ಪು ಒಪ್ಪಿಕೊಂಡರು, ತಂತಿ ಬಿಟ್ಟುಕೊಡಲಿಲ್ಲ.

ಮಾವ ಅಲ್ಲಿವರೆಗೂ ಸುಮ್ಮನೆ ಮುದ್ದೆ ಮುರೀತಿದ್ದರು. ಕೈ ತೊಳೆದುಕೊಂಡು ಬಂದು ನನ್ನ ಕಡೆ ತಿರುಗಿ ಹೇಳಿದರು.

“ನೋಡಮ್ಮ, ಟ್ರ್ಯಾಕ್ಟರ್‌ನಾಗೂ ಇದೇ ಲಾಕಿದೆ. ಹಿಮ್ಮಡೀಲಿ ತುಳಿಯೋ ಪೆಡಲ್ಲು. ಕೆಸರ್ಗದ್ದೇಲಿ ಒಂದ್ ಗಾಲಿ ಹೂತ್ಕಂತು ಅಂದ್ರೆ ತುಳೀತೀವಿ. ಎದ್ ಬಂತಾ, ಕಾಲು ತೆಗಿತೀವಿ. ಸ್ಪ್ರಿಂಗ್ ಇರುತ್ತೆ, ಅದೇ ಮೇಲಕ್ ಬರುತ್ತೆ. ಮರೆಯಾಕೇ ಬಿಡಲ್ಲ. ತುಳ್ಕಂಡೇ ಬದಿನ್ ಹತ್ರ ತಿರುಗ್ಸಿದ್ರೆ ಟ್ರ್ಯಾಕ್ಟರ್ ತಿರುಗಲ್ಲ, ಸೀದಾ ಬದಿನ್ ಮೇಲೇ ಹತ್ತುತ್ತೆ. ಕೆಲವು ಸಲ ಕಾಲು ತೆಗುದ್ರೂ ಹಿಡ್ಕಂಡಿರುತ್ತೆ. ಅವಾಗ ಬ್ರೇಕ್ ಒಸಿ ಮುಟ್ಟಿದ್ರೆ ಕಳುಚುತ್ತೆ. ನಿಮ್ದು ಬೆಳ್ಳಲ್ಲಿ ಒತ್ತಿ ಬಿಟ್ಬುಡೋದು. ಕಾಲಿಗೆ ಗ್ಯಾಪ್ಕ ಇರುತ್ತೆ, ಬೆಳ್ಳಿಗೆಲ್ಲಿರುತ್ತೆ?”

ಇವರು ಊಟದ ತಟ್ಟೆ ಹಾಗೇ ಬಿಟ್ಟು ಕಾಗದ ಪೆನ್ಸಿಲ್ ತಂದರು. ಇಂಜಿನಿಯರು ಅಂದರೆ ಹಾಗೇ, ಬೈಸಿಕೊಂಡದ್ದು ಮರೆತು ಡ್ರಾಯಿಂಗ್ ಶುರು.

ಆ ಭಾನುವಾರ ಎರಡು ಕೆಲಸ ಆಯ್ತು. ಬೆಳಿಗ್ಗೆ ಅಪ್ಪ ಮಗ ಪಕ್ಕದ ಮನೆಗೆ ಹೋಗಿ, ಹೆಪ್ಪುಗಟ್ಟಿದ ನೆಲ ಹಾರೆಯಲ್ಲಿ ಅಗೆದು ಹೊಸ ಕಂಬ ನೆಟ್ಟು ಬಂದರು. ಆ ಮನೆಯಾಕೆ ಕುಕೀಸ್ ಕೊಟ್ಟು ಕಳಿಸಿದ್ದಳು. ನನಗೆ ಅದನ್ನು ತಿನ್ನೋಕೆ ಆಗಲಿಲ್ಲ.

ಮಧ್ಯಾಹ್ನ ಬೂದು ತಂತಿ ಬೋಲ್ಟಿನಿಂದ ಬಿಚ್ಚಿಕೊಂಡಿತು. ಕತ್ತರಿಸಿದ ಎರಡು ತುದಿಗಳನ್ನು ಸಾಲ್ಡರ್ ಮಾಡಿ ಕೂಡಿಸಿದರು. ಅಂದರೆ 4ಎಲ್‌ನ ಹಳೇ ಕಟ್ಟುಪಾಡು ವಾಪಸ್ ಬಂತು. ಅದರ ಪಕ್ಕದಿಂದ ಒಂದು ಕವಲು ತೆಗೆದು ಸ್ಪ್ರಿಂಗ್ ಬಟನ್ ಹಾಕಿದರು, ನಮ್ಮ ಮನೆ ಬಾಗಿಲ ಕರೆಗಂಟೆಯ ಥರದ್ದು. ಮರಳಲ್ಲಿ ಬೇಕೇಬೇಕು ಅಂದರೆ ಹೆಬ್ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಬೆರಳು ತೆಗೆದರೆ ಪೆಟ್ಟಿಗೆಗೆ ಹೋಗೋ ಸುಳ್ಳು ಸುದ್ದಿ ಅಲ್ಲಿಗೇ ನಿಂತು ಮೋಟಾರು ಬಿಚ್ಚೋಕೆ ಶುರುಮಾಡುತ್ತದೆ. ಬಟನ್ ಇರೋದು ಸೀಟಿನ ಪಕ್ಕದ ಕನ್ಸೋಲಿನ ಒಳಗೆ, ಮುಚ್ಚಳ ತೆಗೆದರೇ ಸಿಗೋದು. ಅದು ನನ್ನ ಷರತ್ತು. ಇನ್ನೊಂದು ಷರತ್ತು ಮಾವನದು: ಮಿನುಗೋ ದೀಪ ಸಾಲದು, ಸದ್ದು ಬೇಕು. ದೀಪದ ತಂತಿಗೇ ಒಂದು ಬಜರ್ ಜೋಡಿಸಿದರು. ದೀಪ ಉರಿದರೂ ಮಿನುಗಿದರೂ ಅದು ಕೂಗ್ತಾ ಇರಬೇಕು.

ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ. ಮೊದಲಿದ್ದ ಹಾಗೆ ಬಿಟ್ಟಿದ್ದರೇ ಚೆನ್ನಾಗಿತ್ತು ಅಂತಲೇ ನನ್ನ ಮಾತು. ಮನೆ ಹತ್ತಿರದ ಏರಿಗೆ ನಾನಂತೂ 4ಎಚ್ ಲಿವರ್ ಎಳೆದುಕೊಂಡೇ ಹತ್ತುತ್ತೀನಿ, ಹಿಂದೆ ನಾಲ್ಕು ಮೂಟೆ ಮರಳು ಹಾಕಿಸಿದ್ದೀನಿ.

ಸಂಜೆ ಎಲ್ಲರೂ ಗಾಡಿ ಹತ್ತಿ ಶಾಲೆಯ ಹಿಂದಿನ ಖಾಲಿ ಮಂಜಿನ ಬಯಲಿಗೆ ಹೋದೆವು. ಮಾವ ಮುಂದಿನ ಸೀಟು, ಮಡಿಲಲ್ಲಿ ಟಾರ್ಚು. ಇವರು ಬಟನ್ ಹಿಡಿದರು, ಸ್ವಿಚ್ ಒತ್ತಿದರು. ಹಿಂದೆ ಎಲ್ಲೋ ಕಟ್ ಅಂತ ಸದ್ದಾಗಿ ಬಜರ್ ಕಿರುಚಿಕೊಂಡಿತು. ನಡಿಗೆ ವೇಗದಲ್ಲಿ ಸ್ವಲ್ಪ ದೂರ ಹೋಗಿ ಬೆರಳು ತೆಗೆದರು. ಬಜರ್ ನಿಲ್ಲಲಿಲ್ಲ. ಮಗಳು ಕಿವಿ ಮುಚ್ಚಿಕೊಂಡಳು. ದೀಪ ಮಿನುಗ್ತಾ ಇದೆ, ಬಜರ್ ಬಿಟ್ಟು ಬಿಟ್ಟು ಕೂಗ್ತಾ ಇದೆ, ಯಾರೂ ಮಾತಾಡಲಿಲ್ಲ.

“ಆಡ್ಸೋ, ಮೆತ್ತಗೆ,” ಅಂದರು ಮಾವ.

ಇವರು ಸ್ಟೀರಿಂಗ್ ಎಡಕ್ಕೆ ಒಂದು ಚೂರು, ಬಲಕ್ಕೆ ಒಂದು ಚೂರು ಆಡಿಸಿದರು. ಹಿಂದುಗಡೆ ಮತ್ತೆ ಕಟ್ ಅಂತು. ಬಜರ್ ನಿಂತಿತು.

“ಹಾಂ, ಈಗ ಬಿಡ್ತು,” ಅಂತ ಮಾವ ಟೋಪಿ ಸರಿಮಾಡಿಕೊಂಡರು. “ನಡಿ ಮನೆಗೆ, ಚಳಿ.”