ಬಿಡುವಿನ ವೇಳೆ: ಹಲ್ಲು ಸೂಸುವ ಬೆಳಕು

ಹಲ್ಲಿನ ಬಣ್ಣ ಬಿಳಿ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದವರೇ ನಾವೆಲ್ಲ. ಹಲ್ಲಿನ ಡಾಕ್ಟರರಾದರೋ ಸೀರೆಯಂಗಡಿಯವರಂತೆ ಹತ್ತು ಹದಿನೈದು ಬಗೆಯ ಬಿಳಿಗಳನ್ನು ತೆಗೆದು, ಒಂದೊಂದನ್ನೇ ನಮ್ಮ ತುಟಿಯ ಬಳಿ ಹಿಡಿದು ನೋಡುತ್ತಾರೆ. ಅಷ್ಟು ನೋಡಿ ತುಂಬಿದರೂ ಒಂದು ಸಂಗತಿ ಆ ಹೋಲಿಕೆಗೆ ಸಿಕ್ಕದೆ ಉಳಿಯಬಹುದು. ಹಲ್ಲು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುವುದಷ್ಟೇ ಅಲ್ಲ, ತಾನೂ ಸ್ವಲ್ಪ ಬೆಳಗುತ್ತದೆ.

ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಕಾಣುವ ಬೆಳಕನ್ನಾಗಿ ಹೊರಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇಂಗ್ಲಿಷಿನಲ್ಲಿ ಫ್ಲೂರೆಸೆನ್ಸ್ ಎಂದು ನಾಮಕರಣ ಮಾಡಿದವರು ಜಾರ್ಜ್ ಸ್ಟೋಕ್ಸ್, ೧೮೫೨ರಲ್ಲಿ. ಬಿಳಿಯ ಬಟ್ಟೆಗೆ ಟಿನೋಪಾಲ್ ಹಾಕಿ ಬಲ್ಲ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿಸಿಲಿನಲ್ಲಿ ಪಂಚೆ ಝಗ್ಗೆನ್ನುವುದು ಇದರಿಂದಲೇ. ಹಲ್ಲಿನ ಹೊರಪದರವಾದ ಎನಾಮಲಿಗಿಂತ ಒಳಗಿನ ಡೆಂಟಿನ್ ಹೆಚ್ಚು ಬೆಳಗುತ್ತದೆ. ಆ ಬೆಳಕು ನೀಲಿ ಬೆರೆತ ಬಿಳುಪು. ಬಿಸಿಲಿನಲ್ಲಿಯೂ ನೇರಳಾತೀತ ಕಿರಣ ಉಂಟಷ್ಟೆ. ಆದ್ದರಿಂದ ಹಗಲು ಹೊತ್ತು ಹಲ್ಲಿಗಿರುವ ಕಳೆಯಲ್ಲಿ ಇದರದೂ ಒಂದು ಪಾಲಿದೆ.

ಆ ಪಾಲು ತಪ್ಪಿದರೆ ಏನಾಗುವುದೆಂಬುದನ್ನು ನಮ್ಮ ಚಾಳಿನ ಹುಡುಗಿಯೊಬ್ಬಳು ಕಂಡುಂಡಳು. ಜಾರಿ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದಿತ್ತು; ಡಾಕ್ಟರರು ಹೆತ್ತ ತಾಯಿಗೂ ಗುರುತು ಸಿಗದಂತೆ ಅದನ್ನು ತುಂಬಿಕೊಟ್ಟಿದ್ದರು. ನೃತ್ಯದ ದಿನ ರಂಗದ ಮೇಲೆ ನೇರಳೆ ದೀಪ ಹಾಕಿದೊಡನೆ ಮಕ್ಕಳ ಬಿಳಿಯ ಉಡುಪು, ಹಲ್ಲು ಎಲ್ಲ ಹೊಳೆದವು. ಇವಳ ಹಲ್ಲಿನ ಮೂಲೆ ಮಾತ್ರ ಇಲ್ಲವೇ ಇಲ್ಲವೆಂಬಂತೆ ಕಪ್ಪಾಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂದಿನಿಂದ ಆ ಮಗು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಿರಲಿಲ್ಲ. ಡಾಕ್ಟರರ ಕೈಚಳಕದಲ್ಲಿ ಕೊರತೆಯಿರಲಿಲ್ಲ. ತುಂಬಿದ ಸರಕಿನಲ್ಲಿ ಬೆಳಗುವ ಗುಣವಿರಲಿಲ್ಲ. ಬೇರೆ ಸರಕು ತುಂಬಿಸಿದ ಮೇಲೆ ಕೈ ಕೆಳಗಿಳಿಯಿತು.

ತಯಾರಕರಿಗೆ ಈ ಸಂಗತಿ ಹೊಸದೇನಲ್ಲ. ಹಿಂದೆ ಪಿಂಗಾಣಿ ಹಲ್ಲುಗಳನ್ನು ಬೆಳಗಿಸಲು ಅವುಗಳಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ ಬೆರೆಸುತ್ತಿದ್ದರು. ಹೌದು, ಅಣುಬಾಂಬಿನ ಅದೇ ಯುರೇನಿಯಂ, ಅಜ್ಜಂದಿರ ಬಾಯಿಯಲ್ಲಿ! ವಿಕಿರಣದ ಅಂಜಿಕೆಯಿಂದ ಅದನ್ನು ಕೈಬಿಟ್ಟು, ಈಗ ಸೀರಿಯಂ, ಯುರೋಪಿಯಂ ಮೊದಲಾದ ವಿರಳ ಧಾತುಗಳನ್ನು ಬಳಸುತ್ತಾರೆ. ೧೯೬೨ರಲ್ಲಿ ಅಮೆರಿಕೆಯ ಬೋವೆನ್ ಎಂಬವರು ಪೇಟೆಂಟ್ ಪಡೆದ ರಾಳದಿಂದ ಬೆಳೆದು ಬಂದ ಕಾಂಪೋಸಿಟ್ ಸರಕುಗಳಿಗೂ ಇಂಥ ಮಿಶ್ರಣ ಉಂಟು, ಆದರೆ ಎಲ್ಲದರಲ್ಲಿಯೂ ಒಂದೇ ಸಮನಲ್ಲ.

ಸಮನಲ್ಲವೆಂದು ತಿಳಿಯುವುದು ಹೇಗೆ? ಸರಕನ್ನು ಸಣ್ಣ ಬಿಲ್ಲೆಯಾಗಿ ಮಾಡಿ, ನುಣುಪಾಗಿ ಉಜ್ಜಿ, ಸುಮಾರು ೩೬೫ ನ್ಯಾನೋಮೀಟರಿನ ಕಿರಣವನ್ನು ಅದರ ಮೇಲೆ ಹಾಯಿಸುತ್ತಾರೆ. ಹೊರಬರುವ ಬೆಳಕು ಯಾವ ಬಣ್ಣದಲ್ಲಿ ಎಷ್ಟು ಎಂಬುದನ್ನು ಯಂತ್ರ ಗೆರೆ ಎಳೆದು ತೋರಿಸುತ್ತದೆ. ನಿಜವಾದ ಹಲ್ಲಿನ ಗೆರೆಯ ಶಿಖರ ೪೫೦ರ ಆಸುಪಾಸಿನಲ್ಲಿರುತ್ತದೆ. ತೊಡಕು ಬರುವುದು ಅಂಕಿಯಲ್ಲಿ. ಹಿಂದೆ ಒಂದೊಂದು ಊರಿಗೆ ಒಂದೊಂದು ಸೇರು ಇದ್ದಂತೆ, ಇಲ್ಲಿ ಒಂದು ಯಂತ್ರದ ನೂರು ಇನ್ನೊಂದರ ನೂರಲ್ಲ. ಬಿಲ್ಲೆಯ ದಪ್ಪ, ಮೇಲ್ಮೈಯ ನುಣುಪು ಬದಲಾದರೂ ಲೆಕ್ಕ ಬದಲಾಗುತ್ತದೆ. ಆದಕಾರಣ ಕಿತ್ತ ಹಲ್ಲಿನ ಚೂರನ್ನೂ ಅದೇ ಯಂತ್ರದಲ್ಲಿಟ್ಟು ತಾಳೆ ನೋಡಿದ ಅಂಕಿಯನ್ನೇ ನಾನು ನಂಬುವೆನು. ಬರಿಯ ಅಂಕಿಗಳನ್ನು ದಿನವೆಲ್ಲ ನೋಡುವ ಉದ್ಯೋಗದವರಿಗೆ ಇಷ್ಟು ಸಂಶಯ ಸಹಜ. ಹೆಚ್ಚು ಬೆಳಗುವ ಸರಕೇ ಮೇಲೆಂದೂ ತಿಳಿಯಬಾರದು. ಪಕ್ಕದ ಹಲ್ಲನ್ನು ಮೀರಿಸಿದರೆ ಅದೂ ಎದ್ದು ಕಾಣುತ್ತದೆ.

ಇನ್ನೊಂದು ಸ್ವಾರಸ್ಯ. ಹೋಲಿಕೆ ಪೂರ್ತಿ ಕೂಡಿದರೆ ಮುಂದೆ ಆ ಫಿಲ್ಲಿಂಗನ್ನು ತೆಗೆಯಬೇಕಾದ ಡಾಕ್ಟರರಿಗೆ ಕಷ್ಟ. ಸರಕು ಎಲ್ಲಿ ಮುಗಿದು ಹಲ್ಲು ಎಲ್ಲಿ ಮೊದಲಾಯಿತೆಂದು ಕಾಣದೆ ಒಳ್ಳೆಯ ಹಲ್ಲನ್ನೂ ಕೊರೆದುಬಿಡುವ ಭಯ. ವ್ಯತ್ಯಾಸವಿದ್ದರೆ ನೇರಳಾತೀತ ಟಾರ್ಚು ಹಿಡಿದೊಡನೆ ಅಂಚು ಗೊತ್ತಾಗುತ್ತದೆ. ಗುರುತು ಸಿಗದ ಶವಗಳ ಹಲ್ಲುಗಳನ್ನು ಪರೀಕ್ಷಿಸುವ ತಜ್ಞರೂ ಅಡಗಿದ ಫಿಲ್ಲಿಂಗುಗಳನ್ನು ಹುಡುಕಲು ಇದೇ ಟಾರ್ಚನ್ನು ಉಪಯೋಗಿಸುತ್ತಾರೆ. ನಗುವವರಿಗೆ ಬೇಕಾದುದು ಒಂದು, ಹುಡುಕುವವರಿಗೆ ಬೇಕಾದುದು ಇನ್ನೊಂದು. ಹಿಂದಿನ ದವಡೆಯ ಹಲ್ಲಾದರೆ ಹುಡುಕುವವರ ಕಡೆಗೇ ನನ್ನ ಮತ. ಮುಂದಿನ ಹಲ್ಲಾದರೆ, ತುಂಬಿಸುವ ಮೊದಲು ಸರಕು ಬೆಳಗುವ ಜಾತಿಯದೇ ಎಂದು ಡಾಕ್ಟರರನ್ನು ಒಂದು ಮಾತು ಕೇಳಿ.