ಮೀಸೆಯೂ ಮೌನವೂ

ಗಂಡಸುತನವೆಂದರೇನು ಎಂಬ ಪ್ರಶ್ನೆ ಗಂಡೆಂದು ಬೆಳೆದವರಿಗೆ ಸಾಮಾನ್ಯವಾಗಿ ಏಳುವುದಿಲ್ಲ. ಹುಟ್ಟಿದ ಮನೆಯ ಮಾಡಿನಂತೆ ಅದು ತಲೆಯ ಮೇಲೆ ಇದ್ದೇ ಇರುತ್ತದೆ. ಕತ್ತೆತ್ತಿ ನೋಡುವ ಪ್ರಸಂಗ ಬರುವುದಿಲ್ಲ. ನನಗೆ ಆ ಸೌಕರ್ಯವಿಲ್ಲ. ನನ್ನನ್ನು ಹೆಣ್ಣುಮಗುವೆಂದು ಹೆಸರಿಟ್ಟು ಬೆಳೆಸಿದರು. ಬುದ್ಧಿ ತಿಳಿದಂದಿನಿಂದ ನಾನು ಗಂಡೆಂಬುದು ನನಗೆ ಗೊತ್ತಿತ್ತು. ಇಂಥವರನ್ನು ಈಗ ಟ್ರಾನ್ಸ್ ಪುರುಷರೆನ್ನುತ್ತಾರೆ. ಸಂಗತಿಯೇನೂ ಹೊಸದಲ್ಲ. ದ್ರುಪದನ ಮಗಳಾಗಿ ಹುಟ್ಟಿ, ಮಗನೆಂದೇ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನಿಂದ ಗಂಡುರೂಪ ಪಡೆದ ಶಿಖಂಡಿಯ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಆ ವೀರನ ಹೆಸರು ನಮ್ಮ ಬೀದಿಗಳಲ್ಲಿ ಬೈಗುಳವಾಗಿರುವುದು ಬೇರೆ ಮಾತು. ತಾನು ಗಂಡೊ, ಹೆಣ್ಣೊ, ಮತ್ತೊಂದೊ ಎಂಬುದನ್ನು ನಿರ್ಧರಿಸುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. ನನ್ನ ತರಗತಿಯ ಮಿತ್ರರಿಗೆ ಇದೆಲ್ಲ ಗೊತ್ತಿರುವುದೇ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಬೆಂಚಿನಲ್ಲಿ ಇನ್ನೊಂದು ಹೆಸರು ಎಂಬ ತಮಾಷೆಯನ್ನು ಅವರು ನನ್ನೊಡನೆ ಅನುಭವಿಸಿದ್ದಾರೆ. ಆದುದರಿಂದ ಆ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ.

ನಾನು ಹೇಳಬಯಸುವುದು ಬೇರೆ. ಗಂಡಸರ ಸಾಲಿಗೆ ಸೇರಿದ ಮೇಲೆ ನನಗೆ ದೊರೆತುದೇನು, ಕೈತಪ್ಪಿದುದೇನು ಎಂಬ ಲೆಕ್ಕವದು.

ದೊರೆತುದು ಬಹಳ. ರಾತ್ರಿ ಎಂಟಕ್ಕೆ ಕೋಣೆಗೆ ಮರಳಿದರೆ ಎಲ್ಲಿದ್ದೆಯೆಂದು ಯಾರೂ ಕೇಳುವುದಿಲ್ಲ. ಹೋಟೆಲಿನಲ್ಲಿ ಒಬ್ಬನೇ ಕುಳಿತು ಚಹಾ ಕುಡಿಯಬಹುದು. ಚರ್ಚಾಸ್ಪರ್ಧೆಯಲ್ಲಿ ಹಿಂದೆ ಹೇಳುತ್ತಿದ್ದ ಮಾತನ್ನೇ ಈಗ ಒಡೆದ ದನಿಯಲ್ಲಿ ಹೇಳಿದರೆ ಸಭೆ ಹೆಚ್ಚು ಗಮನವಿಟ್ಟು ಕೇಳುತ್ತದೆ. ಮಾತಿನ ತೂಕವಂತೂ ಹೆಚ್ಚಿಲ್ಲ. ಕ್ಷೌರದಂಗಡಿಯವನು “ಮೀಸೆ ಹೇಗೆ ಬಿಡ್ಲಿ?” ಎಂದು ಕೇಳಿದ ದಿನ, ಇದ್ದುದು ಹದಿನಾರು ಕೂದಲಾದರೂ, ನಾನು ಗಂಭೀರವಾಗಿ ಆಲೋಚಿಸಿ ಉತ್ತರ ಕೊಟ್ಟೆ.

ಕೈತಪ್ಪಿದುದನ್ನು ತಿಳಿಸಲು ನಮ್ಮೂರಿನ ಸುದ್ದಿ ಹೇಳಬೇಕು. ನಮ್ಮದು ಸಾಗರದ ಕಡೆಯ ಹಳ್ಳಿ. ಅವ್ವ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಾಳೆ. ಡಬ್ಬದ ಲೆಕ್ಕದಲ್ಲಿ ಸಂಬಳ. ನನ್ನ ಶುಲ್ಕದಲ್ಲಿ ಎಷ್ಟೋ ಡಬ್ಬಗಳಿವೆ. ಚಳಿಗಾಲದ ರಾತ್ರಿಗಳಲ್ಲಿ ಒಡೆಯರ ಅಂಗಳದಲ್ಲಿ ಹದಿನೈದಿಪ್ಪತ್ತು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ನಾನೂ ಎಂಟನೆಯ ವಯಸ್ಸಿನಿಂದ ಆ ಸಾಲಿನಲ್ಲಿದ್ದವನು. ಕೈ ತನ್ನಷ್ಟಕ್ಕೆ ಸುಲಿಯುತ್ತಿತ್ತು. ಬಾಯಿ ಮನೆಯ ದುಃಖವನ್ನೆಲ್ಲ ಹೇಳುತ್ತಿತ್ತು. ಕುಡಿದು ಬಂದ ಗಂಡ, ಹೊಟ್ಟೆಯಲ್ಲೇ ಹೋದ ಕೂಸು, ತವರಿನವರು ಮರೆತ ಹಬ್ಬ. ಹೇಳುವವಳು ಅತ್ತರೆ, ಚೊಗರು ಹತ್ತಿದ ಕೈಯಿಂದ ಕಣ್ಣೊರೆಸಿಕೊಳ್ಳಲಾಗದೆ ಭುಜಕ್ಕೆ ಮುಖ ಒತ್ತಿಕೊಳ್ಳುವಳು. ಯಾರೂ ಉಪದೇಶ ಮಾಡುತ್ತಿರಲಿಲ್ಲ. ಪಕ್ಕದವಳು “ಹೌದೇನೆ? ಆಮೇಲೆ?” ಎನ್ನುವಳು, ಅಷ್ಟೆ. ಮರುದಿನ ಅದೇ ಗಂಡ, ಅದೇ ಸಾಲ. ಮಾತಿನಿಂದ ಇವು ತೀರಿದವೆಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಆ ಹೆಂಗಸರು ಮರುದಿನ ಎದ್ದು ಬರುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದು ಆ ಸಾಲುಗಳು ಮೋಟಾಗಿವೆ.

ಅಂಗಳದ ಇನ್ನೊಂದು ಕೊನೆಯಲ್ಲಿ ಗಂಡಸರು ಇರುತ್ತಿದ್ದರು. ಅವರ ಮಾತು ಅಡಿಕೆಯ ದರ, ಪಂಚಾಯಿತಿ, ಕೊಳೆರೋಗ. ಮಗುವನ್ನು ಕಳೆದುಕೊಂಡ ವಾರದಲ್ಲೇ ಒಬ್ಬಾತ, ಮಳೆಗಾಲದಲ್ಲಿ ಬೋರ್ಡೋ ದ್ರಾವಣವನ್ನು ಎಷ್ಟು ಸಲ ಹೊಡೆಯಬೇಕೆಂದು ಅರ್ಧ ಗಂಟೆ ವಿವರಿಸಿದುದನ್ನು ನಾನು ಕೇಳಿದ್ದೇನೆ. ಆತನಿಗೆ ದುಃಖವಿರಲಿಲ್ಲವೆ? ಇತ್ತು. ಅದನ್ನು ಹೇಳುವ ಮಾತನ್ನು ಆತನಿಗೆ ಯಾರೂ ಕಲಿಸಿರಲಿಲ್ಲ.

ಹೆಂಗಸರ ಸ್ವಭಾವವೇ ಹಾಗೆ, ಗಂಡಸರ ಸ್ವಭಾವವೇ ಹೀಗೆ ಎನ್ನುವವರಿದ್ದಾರೆ. ಎರಡು ಕಡೆಯೂ ಕುಳಿತೆದ್ದ ಸಾಕ್ಷಿಯಾಗಿ ನಾನು ಇದನ್ನು ಒಪ್ಪಲಾರೆ. ವೈದ್ಯರ ಸಲಹೆಯಂತೆ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳತೊಡಗಿದ ಮೇಲೆ ನನ್ನ ದನಿ ಒಡೆಯಿತು, ಮುಖದಲ್ಲಿ ಕೂದಲು ಮೂಡಿತು. ಕಣ್ಣೀರು ಮೊದಲಿನಷ್ಟು ಸುಲಭವಾಗಿ ಬರುವುದಿಲ್ಲವೆಂದು ನನ್ನಂಥ ಹಲವರು ಹೇಳುವುದುಂಟು. ನನಗೂ ಕೊಂಚ ಹಾಗೆನ್ನಿಸಿದೆ. ಆದರೆ ಬಾಯಿ ಹೊಲಿಯುವ ಗುಣ ಆ ಮದ್ದಿನಲ್ಲಿಲ್ಲ. ಅದು ಓರಗೆಯವರು ಕಲಿಸುವ ಪಾಠ. ನಾಲ್ವರಿರುವ ನಮ್ಮ ಬಾಡಿಗೆ ಕೋಣೆಯಲ್ಲಿ ಒಬ್ಬ ಮಿತ್ರ ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದ. ಉಳಿದವರು ಪ್ರೀತಿಯಿಂದಲೇ “ಬಿಡಲೇ, ಎಲ್ಲ ಸರಿಯಾಗತ್ತೆ” ಎಂದು ಚಹಾ ತಂದಿಟ್ಟರು. ನಾನು ಅಡಿಕೆಯಂಗಳದ ವಿದ್ಯೆಯನ್ನು ಪ್ರಯೋಗಿಸಿ, ಪಕ್ಕದಲ್ಲಿ ಕುಳಿತು “ಆಮೇಲೆ?” ಎಂದೆ. ರಾತ್ರಿ ಎರಡರವರೆಗೆ ಆತ ಮಾತನಾಡಿದ. ವಿಚಿತ್ರವೆಂದರೆ, ಮುಂದಿನ ಒಂದು ವಾರ ನಾಚಿಕೆಯಿಂದ ನನ್ನ ಮುಖ ನೋಡಲಿಲ್ಲ!

ಅಳುವುದು ಗಂಡಸಿಗೆ ಹೇಳಿದ್ದಲ್ಲವೆಂಬ ಈ ಕಟ್ಟಳೆ ನಮ್ಮ ಕವಿಗಳದಂತೂ ಅಲ್ಲ. ರನ್ನನ ಗದಾಯುದ್ಧದ ದುರ್ಯೋಧನನಿಗಿಂತ ಛಲದ ಗಂಡಸು ಬೇಕೆ? ಆತನು ರಣರಂಗದ ಹೆಣಗಳ ನಡುವೆ ನಡೆಯುತ್ತ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಗೋಳಾಡುತ್ತಾನೆ. ಅದರಿಂದ ಆತನ ಛಲ ತಗ್ಗಿತೆಂದು ಯಾವ ಪರೀಕ್ಷೆಯಲ್ಲಿಯೂ ಯಾರೂ ಬರೆದಿಲ್ಲ. ಆ ಪಾಠದ ದಿನ ನಮ್ಮ ಹಿಂದಿನ ಬೆಂಚು ಕೂಡ ಸ್ತಬ್ಧವಾಗಿತ್ತು.

ಇದು ಕಾವ್ಯದ ಮಾತಾಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಈ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಸಾಲ, ಕುಡಿತ, ಕಾಯಿಲೆ, ಸಂಸಾರ ಎಂದು ಕಾರಣಗಳು ಹಲವು. ಬಾಯಿ ಬಿಟ್ಟಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಹೇಳಲಾರೆ. ಕೆಲವರಾದರೂ ಉಳಿಯುತ್ತಿದ್ದರೆಂದು ನಂಬಿದ್ದೇನೆ. ಅದೇ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಸೂಚನಾ ಫಲಕದಲ್ಲಿ ಶುಲ್ಕದ ಕೊನೆಯ ದಿನಾಂಕದ ಪಕ್ಕದಲ್ಲಿ ಇದಕ್ಕೂ ಒಂದು ಗೇಣು ಜಾಗ ಸಿಗಬಾರದೆ? ಪೂಜ್ಯ ಅಧ್ಯಾಪಕರಲ್ಲಿಯೂ ಒಂದು ಅರಿಕೆ. ಹಾಜರಿ ಕಡಿಮೆಯಾದ ಹುಡುಗನನ್ನು ಕರೆದು ಕಾರಣ ಕೇಳುತ್ತೀರಿ. ಆತ “ಏನಿಲ್ಲ ಸಾರ್” ಎನ್ನುತ್ತಾನೆ. ದಯವಿಟ್ಟು ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಸಲ ಕೇಳಿ.

ಇದು ಪರರಿಗೆ ಹೇಳುವ ಮಾತಷ್ಟೇ ಅಲ್ಲ. ಅಪ್ಪ ನನ್ನನ್ನು ಮಗನೆಂದು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು. ಈಗ ಊರವರೆದುರು ‘ನನ್ನ ಮಗ’ ಎಂದೇ ಹೇಳುತ್ತಾನೆ; ಇದಕ್ಕಿಂತ ದೊಡ್ಡ ಪದವಿ ನನಗೆ ಬೇಕಿಲ್ಲ. ಆದರೆ ನಾನು ಮಗಳಾಗಿದ್ದಾಗ, ಮರ ಹತ್ತಿ ಸವೆದ ಮೊಣಕಾಲಿನ ನೋವನ್ನೂ ಸೊಸೈಟಿಯ ಸಾಲವನ್ನೂ ಸಂಜೆ ಜಗುಲಿಯ ಮೇಲೆ ನನ್ನೊಡನೆ ಹೇಳಿಕೊಳ್ಳುತ್ತಿದ್ದ. ಮಗನಾದ ಮೇಲೆ ಫೋನಿನಲ್ಲಿ ಮೂರೇ ಮಾತು: ಊಟ ಆಯ್ತ? ದುಡ್ಡು ಇದೆಯ? ಮಳೆ ಬಂತ? ಮೊಣಕಾಲಿನ ಸುದ್ದಿಯನ್ನು ಈಗ ಅವ್ವನಿಂದ ತಿಳಿಯಬೇಕಾಗಿದೆ. ಪರೀಕ್ಷೆ ಮುಗಿದು ಊರಿಗೆ ಹೋದಾಗ ನಾನಾಗಿಯೇ ಜಗುಲಿಯ ಮೇಲೆ ಕುಳಿತು ಕೇಳಬೇಕೆಂದಿದ್ದೇನೆ. ಸಾಲಕ್ಕಿಂತ ಮೊಣಕಾಲಿನಿಂದ ಶುರುಮಾಡುವುದು ಸುಲಭವೆಂದು ತೋರುತ್ತದೆ.