ತಿಂಗಳ ಓದು: ಮನೆಯ ಮಾತು, ಪುಸ್ತಕದ ಮಾತು

ಮನೆಯಲ್ಲಿ ‘ಜಲ್ದಿ ಬಾ, ದುಕಾನ ಮುಚ್ಚತದ’ ಎನ್ನುವ ಮಗು ಶಾಲೆಯ ನೋಟುಪುಸ್ತಕದಲ್ಲಿ ‘ಬೇಗ ಬಾ, ಅಂಗಡಿ ಮುಚ್ಚುತ್ತದೆ’ ಎಂದು ಬರೆಯಬೇಕು. ಇದು ಕಲಿಕೆ; ಇದರಲ್ಲಿ ತೊಂದರೆಯೇನೂ ಇಲ್ಲ. ಮೊದಲನೆಯದು ತಪ್ಪು, ಎರಡನೆಯದು ಮಾತ್ರ ಕನ್ನಡ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಿದಾಗಲೇ ತೊಂದರೆ ಆರಂಭವಾಗುತ್ತದೆ. ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳಲ್ಲಿ ಈ ಭಾವನೆ ಮಕ್ಕಳಿಗಿಂತ ಪಾಲಕರಲ್ಲಿಯೇ ಹೆಚ್ಚೆನ್ನಬೇಕು. ಆದುದರಿಂದ ಈ ತಿಂಗಳು ಓದಿದ ಪುಸ್ತಕಗಳಿಗೆಲ್ಲ ಒಂದೇ ಪ್ರಶ್ನೆಯನ್ನು ಕೇಳಲಾಗಿದೆ: ಗಡಿಸೀಮೆಯ ಮಗುವಿಗೆ ಇದರೊಳಗೆ ಕೂರಲು ಜಾಗವಿದೆಯೇ?

ಹೆಚ್ಚು ದಿನ ತೆಗೆದುಕೊಂಡದ್ದು ಗೀತಾ ನಾಗಭೂಷಣ ಅವರ ‘ಬದುಕು’. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕಾದಂಬರಿಗೆ ಸಂದಿತು. ಆ ಗೌರವ ಪಡೆದ ಕನ್ನಡದ ಮೊದಲ ಮಹಿಳೆ ಅವರು. ಕಲಬುರ್ಗಿಯ ಸಮೀಪದ ಸಾವಳಗಿಯವರು, ಗಿರಣಿ ಕಾರ್ಮಿಕರೊಬ್ಬರ ಮಗಳು. ಕೃತಿಯ ದೊಡ್ಡ ಗಾತ್ರವನ್ನು ಕಂಡು ಅಂಜುವ ಓದುಗನನ್ನು ಒಳಗೆಳೆದುಕೊಳ್ಳುವುದು ಅದರ ಭಾಷೆ. ಹೊಲ, ಗುಡಿಸಲು, ಜಾತ್ರೆ, ಜಗಳ ಎಲ್ಲವೂ ಕಲಬುರ್ಗಿ ಸೀಮೆಯ ಆಡುಮಾತಿನಲ್ಲಿಯೇ ಉಸಿರಾಡುತ್ತವೆ. ತಾಂಡೂರಿನ ಅಜ್ಜಿಯೊಬ್ಬಳಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿದರೆ ಅರ್ಥ ಬಿಡಿಸಿ ಹೇಳುವ ಪ್ರಸಂಗ ಬಾರದು. ಬಹುಶಃ ಓದುವ ಮೊಮ್ಮಗನಿಗೇ ಕೆಲವು ಮಾತುಗಳ ಅರ್ಥವನ್ನು ಅವಳು ಹೇಳಿಕೊಡಬೇಕಾದೀತು. ಪಠ್ಯಪುಸ್ತಕದ ಮುಂದೆ ಸುಮ್ಮನೆ ಕೂರುವ ಹಿರಿಯರಿಗೆ ಇಂಥ ಅಧಿಕಾರವನ್ನು ಮರಳಿ ಕೊಡುವ ಪುಸ್ತಕಗಳು ವಿರಳ.

ಹಾಗೆಂದು ಇದು ದೋಷವಿಲ್ಲದ ಕೃತಿಯೇನಲ್ಲ. ನೋವಿನ ಮೇಲೆ ನೋವು ಪೇರಿಸುತ್ತ ಹೋಗುವಾಗ ಕಥೆಯ ನಡಿಗೆ ಅಲ್ಲಲ್ಲಿ ಭಾರವಾಗುತ್ತದೆ; ಕೆಲವು ಪ್ರಸಂಗಗಳನ್ನು ಮೊಟಕುಗೊಳಿಸಿದ್ದರೆ ಪೆಟ್ಟು ಇನ್ನೂ ತೀಕ್ಷ್ಣವಾಗುತ್ತಿತ್ತು. ಕೆಳಸ್ತರದ ಜನರ, ಅದರಲ್ಲಿಯೂ ಹೆಣ್ಣುಮಕ್ಕಳ ಶೋಷಣೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಕಾದಂಬರಿಯಾದ್ದರಿಂದ ಪ್ರೌಢಶಾಲೆ ದಾಟದ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಪಾಲಕರು ಓದಬೇಕು, ಮುಖ್ಯವಾಗಿ, ತಮ್ಮ ಮಾತು ಪುಸ್ತಕಕ್ಕೆ ತಕ್ಕದ್ದಲ್ಲವೆಂದು ತಿಳಿದಿರುವ ಪಾಲಕರು.

ಕಲಬುರ್ಗಿಯ ಮಾತು ತೆಲಂಗಾಣದ ತಾಂಡೂರಿಗೆ ಇಷ್ಟು ಹತ್ತಿರವೇಕೆ ಎಂದು ಕೇಳುವ ಮಕ್ಕಳಿಗೆ ಉತ್ತರ 1956ರ ರಾಜ್ಯ ಪುನರ್‌ವಿಂಗಡಣಾ ಕಾಯಿದೆಯಲ್ಲಿದೆ. ಅದುವರೆಗೆ ತಾಂಡೂರು ಮತ್ತು ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು. ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯವು. ಜಹೀರಾಬಾದ ತಾಲೂಕಿನ ನಿರ್ಣಾ ಸರ್ಕಲ್ ಮೈಸೂರು ರಾಜ್ಯಕ್ಕೆ ಉಳಿಯಿತು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಹೋಯಿತು. ನಕ್ಷೆಯ ಗೆರೆ ಸರಿದರೂ ಅಡುಗೆಮನೆಯ ಮಾತು ಅದರೊಡನೆ ಸರಿಯಲಿಲ್ಲ.

ಇದೇ ಸಂದರ್ಭದಲ್ಲಿ ‘ಕವಿರಾಜಮಾರ್ಗ’ದ ಕೆಲವು ಪದ್ಯಗಳನ್ನು ಗದ್ಯಾನುವಾದದೊಂದಿಗೆ ಮತ್ತೊಮ್ಮೆ ನೋಡಲಾಯಿತು. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡದ ಕೋಟೆಯ ಮಗ್ಗುಲಿಗೆ ಹೋಗುತ್ತದೆ; ಒಂಬತ್ತನೆಯ ಶತಮಾನದಲ್ಲಿ ಅಲ್ಲಿಯೇ ನೃಪತುಂಗನ ಆಸ್ಥಾನವಿತ್ತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಎಂಬ ಮಾತನ್ನು ಭಾಷಣಕಾರರು ಈ ಗ್ರಂಥದಿಂದ ಬೇಕಾದಷ್ಟು ಸಲ ಎತ್ತಿ ಆಡಿದ್ದಾರೆ. ಅವರು ಕಡಿಮೆ ನೆನೆಯುವ ಸಂಗತಿ ಇನ್ನೊಂದಿದೆ. ಪ್ರದೇಶಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳೂ ಹಲವು, ಅವುಗಳನ್ನೆಲ್ಲ ಅರಿಯಹೊರಟರೆ ವಾಸುಕಿಯೂ ಬೇಸತ್ತಾನು ಎಂದು ಶ್ರೀವಿಜಯ ಅಲ್ಲಿ ಹೇಳುತ್ತಾನೆ. ಒಂದೇ ಕನ್ನಡವೆಂದು ಹಟ ಹಿಡಿಯುವವರಿಗೆ ಕನ್ನಡದ ಅತ್ಯಂತ ಹಳೆಯ ಲಭ್ಯ ಗ್ರಂಥದ ಬೆಂಬಲವಿಲ್ಲವೆಂದಾಯಿತು. ಮನೆಯಲ್ಲಿ ಓದುವ ಪುಸ್ತಕವಲ್ಲ ಇದು. ಶಿಕ್ಷಕರು ಒಂದೆರಡು ಪದ್ಯಗಳನ್ನು ತರಗತಿಯಲ್ಲಿ ವಿವರಿಸಿದರೆ ಸಾಕು.

ಚಿಕ್ಕ ಮಕ್ಕಳಿಗೆ ಸಿದ್ಧಯ್ಯ ಪುರಾಣಿಕರ ‘ತುಪ್ಪಾ ರೊಟ್ಟಿ ಗೇ ಗೇ ಗೇ’. ಹೆಸರಿನಲ್ಲಿಯೇ ಕುಣಿತವಿದೆ, ಬಾಯಿಪಾಠಕ್ಕೆ ಇದಕ್ಕಿಂತ ಹಿತವಾದದ್ದು ಸಿಗುವುದು ಕಷ್ಟ. ಕೊಪ್ಪಳ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಪುರಾಣಿಕರು, ಉರ್ದು ಬೋಧನಾ ಮಾಧ್ಯಮವಾಗಿದ್ದ ಕಾಲದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಹೊರಗಿನ ಭಾಷೆಯೊಂದನ್ನು ಚೆನ್ನಾಗಿ ಕಲಿತೂ ಮಕ್ಕಳಿಗೆ ಕನ್ನಡದಲ್ಲಿ ಹಾಡು ಕಟ್ಟಿದರು. 2018ರ ಕಾಯಿದೆಯ ನಂತರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು. ಇನ್ನು ಕನ್ನಡ ಉಳಿದೀತೇ ಎಂದು ಚಿಂತಿಸುವವರು ಪುರಾಣಿಕರ ಜೀವನವನ್ನೊಮ್ಮೆ ನೋಡಬಹುದು. ತೆಲುಗು ಚೆನ್ನಾಗಿ ಬರಲಿ. ಅದರಿಂದ ಕನ್ನಡಕ್ಕೆ ಕೇಡಿಲ್ಲ. ಪಠ್ಯದಾಚೆಗೆ ಒಂದೇ ಒಂದು ಕನ್ನಡ ಪುಸ್ತಕವೂ ಇಲ್ಲದ ಮನೆಯಿಂದ ಕೇಡಿದೆ.

ಶಾಂತರಸರ ‘ಗಜಲ್ ಮತ್ತು ಬಿಡಿ ದ್ವಿಪದಿ’ ಬೇರೊಂದು ರುಚಿಯದು. 2006ರಲ್ಲಿ ಬೀದರದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಈ ರಾಯಚೂರು ಸೀಮೆಯ ಕವಿ ಉರ್ದುವಿನ ಕಾವ್ಯಪ್ರಕಾರವನ್ನು ಕನ್ನಡದ ಅಂಗಳದಲ್ಲಿ ನೆಟ್ಟರು. ಜಹೀರಾಬಾದಿನ ಬಜಾರಿನಲ್ಲಿ ಉರ್ದು ಕೇಳುತ್ತ ಬೆಳೆದ ಕಾಲೇಜು ಹುಡುಗರಿಗೆ ಗಜಲಿನ ನಡೆ ಮೊದಲೇ ಪರಿಚಿತವಿರುತ್ತದೆ. ಎಲ್ಲ ದ್ವಿಪದಿಗಳೂ ಒಂದೇ ಎತ್ತರದವಲ್ಲ. ದಿನಕ್ಕೆ ನಾಲ್ಕರಂತೆ ಓದುವುದು ಮೇಲು.

ಕೊನೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ಊರಿನವರಿಗೆ ಅವನು ದಡ್ಡ, ವಿಜ್ಞಾನಿ ಕರ್ವಾಲೊ ಅವರಿಗೆ ಅಪೂರ್ವ ಸಹಾಯಕ. ಕಣ್ಣು ತೆರೆದು ನೋಡಿದವನ ತಿಳಿವಳಿಕೆ ಎಷ್ಟು ದೊಡ್ಡದು ಎಂಬುದನ್ನು ತೇಜಸ್ವಿ ನಗಿಸುತ್ತಲೇ ಮನಗಾಣಿಸುತ್ತಾರೆ. ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ರೈತ ಮಹಿಳೆಯರು ಜೋಳ, ಸಜ್ಜೆ, ನವಣೆಯ ಬೀಜಗಳನ್ನು ಕಾಪಿಡುವುದನ್ನು ಕಂಡ ಮಕ್ಕಳಿಗೆ ಮಂದಣ್ಣ ಅಪರಿಚಿತನೆನಿಸಲಾರ. ಎಂಟನೆಯ ತರಗತಿ ದಾಟಿದವರು ಯಾರ ನೆರವೂ ಇಲ್ಲದೆ ಇದನ್ನು ಓದಬಲ್ಲರು. ಮಲೆನಾಡಿನ ಕೆಲವು ಪದಗಳು ಮಾತ್ರ ತಡೆದಾವು. ಮೂಡಿಗೆರೆಯ ಮಗುವೊಂದು ‘ಬದುಕು’ ತೆರೆದಾಗ ತಡೆಯುವಷ್ಟೇ.